ಸೌತೆಕಾಯಿಯ ಒಲವು

ಟಕ್.

ಸಿಂಚನಾ ಕಣ್ಣು ಬಿಟ್ಟಳು. ಪಕ್ಕದಲ್ಲಿ ಚಿರಂತ್ ಗೋಡೆಯ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದ. ತುಸು ಹೊತ್ತು ಬಿಟ್ಟು ಇನ್ನೊಮ್ಮೆ, ಟಕ್. ಉಗುರಿನಿಂದ ಗಾಜಿನ ಲೋಟ ತಟ್ಟಿದಷ್ಟೇ ಸದ್ದು. ಬೇರೆಯವರಾಗಿದ್ದರೆ ಹಲ್ಲಿಯಿರಬೇಕು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಆದರೆ ಸಿಂಚನಾ ಹನ್ನೆರಡು ವರ್ಷದಿಂದ ಒಲವುಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತಿದ್ದವಳು. ಪೆಟ್ಟಿಗೆಯ ಮುಳ್ಳು ಎಡಗಡೆಯ ಗೂಟಕ್ಕೆ ಬಡಿದು, ಅಲ್ಲಿ ನಿಲ್ಲಲಾರದೆ ಬಲಗಡೆಯ ಗೂಟಕ್ಕೆ ಬಡಿದು, ಮತ್ತೆ ಎಡಕ್ಕೆ ಬರುವ ಸದ್ದು ಅದು.

ಅವಳ ಎಡ ಅಂಗೈಗೆ ಕೈಪಟ್ಟಿ ಕಟ್ಟಿತ್ತು. ಅದರಿಂದ ಹೊರಟ ತಂತಿ ಮಂಚದ ಕೆಳಗಿನಿಂದ ಹಾದು ಬಾಗಿಲ ಪಕ್ಕದ ಪೆಟ್ಟಿಗೆಗೆ ಸೇರಿತ್ತು. ಎದ್ದು ಹೋಗಿ ನೋಡುವಂತಿರಲಿಲ್ಲ. ಅಳತೆಯ ನಡುವೆ ಎದ್ದರೆ ಅದನ್ನೂ ಪೆಟ್ಟಿಗೆ ಬರೆದಿಟ್ಟುಕೊಳ್ಳುತ್ತಿತ್ತು. ಅವಳು ಕಣ್ಣು ಮುಚ್ಚಿ ಏನಾದರೊಂದನ್ನು ಇಷ್ಟಪಡಲು ಪ್ರಯತ್ನಿಸಿದಳು. ಮೊದಲು ಮೊರದ ಪಕ್ಷ, ಆಮೇಲೆ ಒನಕೆ ಪಕ್ಷ. ಎರಡರ ಹಾಡನ್ನೂ ಮನಸ್ಸಿನಲ್ಲೇ ಹೇಳಿಕೊಂಡಳು. ಮುಳ್ಳು ಬೆಳಗಿನ ತನಕ ಬಡಿದುಕೊಳ್ಳುತ್ತಲೇ ಇತ್ತು.

ಸೋಮವಾರದ ಅಳತೆಯಲ್ಲೂ ಹೀಗೇ ಆಗಿತ್ತು. ಇದು ಬುಧವಾರದ್ದು. ಇನ್ನು ಉಳಿದದ್ದು ಶನಿವಾರದ ಒಂದೇ ರಾತ್ರಿ.

ಪೆಟ್ಟಿಗೆಗಳು ಬಂದದ್ದು ಸಿಂಚನಾ ಹೈಸ್ಕೂಲಿನಲ್ಲಿದ್ದಾಗ. ಅದಕ್ಕೂ ಮುಂಚೆ ಸರ್ಕಾರಗಳು ಆರಾರು ತಿಂಗಳಿಗೆ ಬೀಳುತ್ತಿದ್ದವು. ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ಒಂದು ರೆಸಾರ್ಟಿನಿಂದ ಇನ್ನೊಂದಕ್ಕೆ ಸಾಗಿಸಿ ಸಾಗಿಸಿ ರಾಜ್ಯವೇ ಸುಸ್ತಾಗಿತ್ತು. ಮೂರನೆಯ ಪಕ್ಷ ಅಂತ ಒಂದು ಇರುವ ತನಕ ಯಾವ ಸರ್ಕಾರವೂ ನಿಲ್ಲುವುದಿಲ್ಲ ಎಂದು ತಿಳಿದವರು ಹೇಳಿದರು. ಎರಡೇ ಪಕ್ಷ ಇರಬೇಕೆಂದು ಕಾನೂನು ಬಂತು. 'ಇವರಲ್ಲಿ ಯಾರೂ ಬೇಡ' ಅನ್ನುವ ಗುಂಡಿ ಮತಯಂತ್ರದಿಂದ ಮಾಯವಾಯಿತು, ಹಿಂದೆಯೇ ಮತಯಂತ್ರವೂ. ಉಳಿದ ಎರಡು ಪಕ್ಷಗಳು ಮೊರ ಮತ್ತು ಒನಕೆಯನ್ನು ಗುರುತಾಗಿ ಇಟ್ಟುಕೊಂಡವು. ಆ ಹೊತ್ತಿಗೆ ಯಾರ ಅಡುಗೆಮನೆಯಲ್ಲೂ ಆ ಎರಡು ವಸ್ತುಗಳಿರಲಿಲ್ಲ.

ಗುಂಡಿ ಒತ್ತುವ ಬೆರಳು ಸುಳ್ಳು ಹೇಳಬಹುದು, ಹಣ ತಿಂದಿರಬಹುದು; ನಿದ್ದೆಯಲ್ಲಿರುವ ನಾಡಿ ಸುಳ್ಳು ಹೇಳುವುದಿಲ್ಲ ಅನ್ನುವುದು ಪೆಟ್ಟಿಗೆಯ ಹಿಂದಿನ ತರ್ಕ. ಅಳತೆಯ ರಾತ್ರಿ ಕೈಪಟ್ಟಿ ಎರಡೂ ಪಕ್ಷಗಳ ಹಾಡಿನ ತಾಳವನ್ನು ಅಂಗೈಗೆ ಮೆಲ್ಲಗೆ ಮುಟ್ಟಿಸುತ್ತದೆ. ಮಲಗಿದವರ ನಾಡಿ ಯಾವ ತಾಳಕ್ಕೆ ಏರಿತು, ಅಂಗೈ ಯಾವುದಕ್ಕೆ ಬೆವರಿತು ಎಂದು ಪೆಟ್ಟಿಗೆ ನೋಡಿಕೊಂಡು ಆ ಕೈಪಟ್ಟಿಯ ಮುಳ್ಳನ್ನು ಎಡಕ್ಕೋ ಬಲಕ್ಕೋ ನಿಲ್ಲಿಸುತ್ತದೆ. ಎಡ ಅಂದರೆ ಮೊರ, ಬಲ ಅಂದರೆ ಒನಕೆ. ಅದೇ ಮತ. ಮುಳ್ಳು ಮೂರು ರಾತ್ರಿಯೂ ನಿಲ್ಲದಿದ್ದರೆ ಅಂಥವರು 'ಅಸ್ಥಿರ'ರು. ಅವರನ್ನು ಆರು ತಿಂಗಳು ಒಲವು ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿಂದ ವಾಪಸು ಬಂದವರೆಲ್ಲ ಗುಣವಾಗಿಯೇ ಬಂದಿದ್ದರು. ಸಿಂಚನಾ ಹೆದರುತ್ತಿದ್ದದ್ದು ಆ ಗುಣಕ್ಕೇ.

ಅವಳ ಗೆಳತಿ ಲಾಸ್ಯ ಹೋದ ವರ್ಷ ತನ್ನ ವಾರ್ಡಿಗಷ್ಟೇ ನಡೆದ ಉಪಚುನಾವಣೆಯ ಅಳತೆಯಲ್ಲಿ ಹೀಗೇ ಸಿಕ್ಕಿಕೊಂಡು ಶಿಬಿರಕ್ಕೆ ಹೋದಳು. ಮೊದಲೆಲ್ಲ ಇಬ್ಬರೂ ಮಹಡಿಯ ಮೇಲೆ ಕೂತು ಮೊರದವರನ್ನೂ ಒನಕೆಯವರನ್ನೂ ಒಂದೇ ಸಮ ಬೈದು ನಗುತ್ತಿದ್ದರು. ಆರು ತಿಂಗಳ ಮೇಲೆ ಬಂದವಳು ಬಟ್ಟೆ ಒಣಗಿಸುವಾಗಲೂ ಮೊರದ ಹಾಡು ಗುನುಗುತ್ತಿದ್ದಳು. ಸರ್ಕಾರ ಅವಳಿಗೆ ಗಾಣಿಗರ ಬೀದಿಯಲ್ಲಿ ಹೊಸ ಮನೆಯನ್ನೂ ಕೊಟ್ಟಿತು. ಅವಳ ತಲೆಯೊಳಗೆ ಕೈ ಹಾಕಿ ಏನನ್ನು ತೆಗೆದರು, ಏನನ್ನು ಇಟ್ಟರು ಎಂದು ಕೇಳುವ ಧೈರ್ಯ ಸಿಂಚನಾಗೆ ಬರಲಿಲ್ಲ. ನೋವಾದರೆ ತಡೆದುಕೊಳ್ಳಬಹುದು. ತಾನು ಹಿಂದೆ ಯಾಕೆ ಅನುಮಾನಪಡುತ್ತಿದ್ದೆ ಅನ್ನುವುದೇ ಮರೆತುಹೋದ ಹೆಂಗಸಾಗಿ ಈ ಮನೆಗೆ ವಾಪಸು ಬಂದರೆ?

"ಮತ್ತೆ ಸೊನ್ನೆನಾ?" ಬೆಳಿಗ್ಗೆ ಚಿರಂತ್ ಪೆಟ್ಟಿಗೆಯ ಬಾಯಿಂದ ಹೊರಬಂದ ಚೀಟಿಗಳನ್ನು ಹರಿದುಕೊಂಡ. ಅವನದರಲ್ಲಿ ಒನಕೆ ಎಂಬತ್ತಾರು. ಅವನು ಹೆಮ್ಮೆಯಿಂದ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದ. "ಅಲ್ಲ ಕಣೇ, ಒಂದು ದೋಸೆ ಹೋಟೆಲ್‌ಗೆ ಹೋದ್ರೆ ಮಸಾಲೆನಾ ಸೆಟ್ಟಾ ಅಂತ ಆರಿಸ್ತೀಯ. ಇದೊಂದು ಆರಿಸಕ್ಕಾಗಲ್ವಾ ನಿಂಗೆ?"

"ಚನ್ನಿಗನ ಕೆರೆ ಹೂಳು ತೆಗೆಸ್ಬೇಕು ಅನ್ನೋದು ಮೊರದವ್ರು. ಸರಿ ತಾನೆ ಅದು?"

"ಅದೊಂದು ಸರಿ. ಒಪ್ತೀನಿ."

"ನಮ್ಮ ವಾರ್ಡಿನ ಸರ್ಕಾರಿ ಶಾಲೆ ಮುಚ್ಚಬಾರ್ದು ಅನ್ನೋದು ನಿಮ್ಮ ಒನಕೆಯವ್ರು. ಅದೂ ಸರಿ. ಕೆರೆ ಬೇಕು ಅಂದ್ರೆ ಶಾಲೆ ಬಿಡ್ಬೇಕು, ಶಾಲೆ ಬೇಕು ಅಂದ್ರೆ ಕೆರೆ ಬಿಡ್ಬೇಕು. ನಂಗೆ ಎರಡೂ ಬೇಕು ರೀ. ಎಲ್ಲಿ ಕೈ ಇಡ್ಲಿ?"

"ಅಯ್ಯೋ, ಅಷ್ಟೆಲ್ಲ ಯೋಚನೆ ಮಾಡ್ಕೊಂಡು ಯಾರು ಮಲಗ್ತಾರೆ." ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. "ಹೋದ ಚುನಾವಣೇಲಿ ನಿಂಗೆ ಮೊರ ಬಂದಿತ್ತಲ್ಲ. ನಾನು ಎರಡು ದಿನ ನಿನ್ನ ಜೊತೆ ಮಾತಾಡಿರ್ಲಿಲ್ಲ. ಈಗ ಹೇಳ್ತಿದೀನಿ, ಮೊರಾನೇ ಬರ್ಲಿ. ನೀನು ಮನೇಲಿದ್ರೆ ಸಾಕು."

ಹೋದ ಸಲ ಮೊರ ಎಂದು ಬಂದಾಗ ಅವಳಿಗೇ ಆಶ್ಚರ್ಯವಾಗಿತ್ತು. ತನಗೆ ಗೊತ್ತಿಲ್ಲದ್ದು ಪೆಟ್ಟಿಗೆಗೆ ಗೊತ್ತಿರಬಹುದು ಎಂದು ಸುಮ್ಮನಾಗಿದ್ದಳು. ಈ ಐದು ವರ್ಷದಲ್ಲಿ ತನ್ನೊಳಗೆ ಏನು ಬದಲಾಯಿತು? ಎಷ್ಟು ಯೋಚಿಸಿದರೂ ಅವಳಿಗೆ ಹೊಳೆದ ಬದಲಾವಣೆ ಒಂದೇ. ಬಲಗಡೆಯ ಎರಡನೇ ಮನೆಗೆ ಹೊಸ ಸಂಸಾರವೊಂದು ಬಾಡಿಗೆಗೆ ಬಂದಿತ್ತು. ಅದಕ್ಕೂ ತನ್ನ ನಾಡಿಗೂ ಏನು ಸಂಬಂಧ?

ರಿಪೇರಿ ಕೇಂದ್ರ ಇದ್ದದ್ದು ಹಾಸನದ ಹಳೆಯ ಗೋದಾಮೊಂದರಲ್ಲಿ. ಕೆಳಗೆ ಉದ್ದನೆಯ ಮೇಜು, ಕಪಾಟಿನ ತುಂಬ ಕೆಟ್ಟ ಪೆಟ್ಟಿಗೆಗಳು. ಮೇಲಿನ ಮಹಡಿಯಲ್ಲಿ ಇಡೀ ಜಿಲ್ಲೆಯ ಅಳತೆಗಳು ಬಂದು ಸೇರುವ ನಿಯಂತ್ರಣ ಕೊಠಡಿ. ಮೇಜಿನ ಯಜಮಾನಿ ಗ್ರೇಸ್ ಮೇಡಂ, ನಿವೃತ್ತಿಗೆ ಎಂಟು ತಿಂಗಳು ಬಾಕಿ ಇದ್ದ ದಪ್ಪ ಕನ್ನಡಕದ ಹೆಂಗಸು. ದಿನಾ ಬೆಳಿಗ್ಗೆ ಮಾರ್ಕೆಟ್ಟಿನಿಂದ ಎರಡು ಎಳೆಯ ಸೌತೆಕಾಯಿ ತರುವುದು ಅವರ ಜವಾಬ್ದಾರಿ.

ಸೌತೆಕಾಯಿ ಊಟಕ್ಕಲ್ಲ. ಹಿಂದೆ ಮತಯಂತ್ರಗಳಿದ್ದ ಕಾಲದಲ್ಲಿ ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಯಂತ್ರ ಸರಿ ಇದೆ ಎಂದು ತೋರಿಸಿ, ಆ ಮತಗಳನ್ನು ಅಳಿಸುತ್ತಿದ್ದರು. ಅದೇ ಪದ್ಧತಿ ಪೆಟ್ಟಿಗೆಗೂ ಬಂದಿತ್ತು. ಪೆಟ್ಟಿಗೆಯ ಹಿಂಭಾಗದಲ್ಲಿ ಒಂದು ಕೀ. ಅದನ್ನು 'ಅಣಕು' ಕಡೆ ತಿರುಗಿಸಬೇಕು, ಹಳೆಯ ಅಂಕಗಳನ್ನು ಓದದೆ ಅಳಿಸಬೇಕು, ಆಮೇಲೆ ಯಾವ ಹಾಡಿಗೂ ಮಿಡಿಯದ ಅಂಗೈಯೊಂದನ್ನು ಜೋಡಿಸಿ ಮುಳ್ಳು ಸೊನ್ನೆಯಲ್ಲಿ ನಿಂತಿತೇ ಎಂದು ನೋಡಬೇಕು. ಅದಕ್ಕೆಂದು ಸರ್ಕಾರ ಮೊದಲು ರಬ್ಬರಿನ ಕೃತಕ ಅಂಗೈಗಳನ್ನು ಕೊಟ್ಟಿತ್ತು. ಅವು ಒಂದು ಬೇಸಿಗೆಗೆ ಬಿರುಕು ಬಿಟ್ಟವು. ಅಂಗೈ ಬೆವರಿನಷ್ಟೇ ವಿದ್ಯುತ್ತು ಹರಿಸುವ ಗುಣ ಎಳೆಯ ಸೌತೆಕಾಯಿಗಿದೆ ಎಂದು ಕಂಡುಹಿಡಿದವರು ಗ್ರೇಸ್ ಮೇಡಂ.

"ಕೀ ತಿರುಗಿಸೋದು ಮಾತ್ರ ಮರೀಬೇಡಮ್ಮ," ಅನ್ನುವುದು ಅವರ ದಿನದ ಮಂತ್ರ. "ನಿಜದ ಕಡೆ ಇರುವಾಗ ಕಾಯಿ ಇಟ್ರೆ ಮೇಲೆ ಹೋಗಿ ದಾಖಲಾಗುತ್ತೆ. ಆಮೇಲೆ ಸೌತೆಕಾಯಿಗೆ ಗುರುತಿನ ಚೀಟಿ ಮಾಡಿಸ್ಬೇಕಾಗುತ್ತೆ."

ಹನ್ನೆರಡು ವರ್ಷದಲ್ಲಿ ಸಿಂಚನಾ ಒಮ್ಮೆಯೂ ಮರೆತಿರಲಿಲ್ಲ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವ ಸ್ವಭಾವದವಳು ಅವಳು. ಆದರೆ ಎರಡು ರಾತ್ರಿ ನಿದ್ದೆ ಕೆಟ್ಟಿತ್ತು. ಅವತ್ತು ಮಧ್ಯಾಹ್ನ ಗ್ರೇಸ್ ಮೇಡಂ ಊಟಕ್ಕೆ ಹೋಗಿದ್ದಾಗ ಅವಳು ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದು, ಸಡಿಲವಾಗಿದ್ದ ಮುಳ್ಳನ್ನು ಬಿಗಿದು, ಸೌತೆಕಾಯಿಗೆ ಹೆಸರಿಲ್ಲದ ಪರೀಕ್ಷೆಯ ಕೈಪಟ್ಟಿ ಸುತ್ತಿ ಗುಂಡಿ ಒತ್ತಿದಳು.

ಮುಳ್ಳು ನಿಧಾನವಾಗಿ ಎಡಕ್ಕೆ ಹೋಗಿ ಗೂಟಕ್ಕೆ ಒರಗಿ ನಿಂತಿತು. ಪೆಟ್ಟಿಗೆ ಚೀಟಿ ಉಗುಳಿತು. ಮೊರ, ಎಂಬತ್ತೊಂದು.

ಸಿಂಚನಾ ಚೀಟಿ ನೋಡಿದಳು, ಸೌತೆಕಾಯಿ ನೋಡಿದಳು. ಕೀ 'ನಿಜ'ದ ಕಡೆಯೇ ಇತ್ತು. ಅಷ್ಟರಲ್ಲಿ ಮೇಲಿನ ಕೊಠಡಿಯ ಫೋನ್ ಬಂತು. ನಿಯಂತ್ರಣ ಕೊಠಡಿಯ ಸುಹಾಸ್.

"ಮೇಡಂ, ಗಾಣಿಗರ ಬೀದಿ ಹನ್ನೊಂದನೇ ನಂಬರ್ ಪೆಟ್ಟಿಗೆ ನಿಮ್ಮ ಹತ್ರಾನೇ ರಿಪೇರಿಗೆ ಬಂದಿದೆ ಅಲ್ವಾ? ಅದ್ರಿಂದ ಈಗ ಒಂದು ಒಲವು ದಾಖಲಾಗಿದೆ."

ಹನ್ನೊಂದನೇ ನಂಬರ್ ಲಾಸ್ಯಳ ಮನೆ. ಪೆಟ್ಟಿಗೆ ತೆಗೆಯುವಾಗ ಅವಳು ಅದನ್ನೂ ಗಮನಿಸಿರಲಿಲ್ಲ.

"ಕೀ ತಿರುಗಿಸೋದು ಮರೆತೆ ಸುಹಾಸ್. ಅಣಕು ಅಳತೆ ಅದು."

"ಅಣಕು ಆದ್ರೆ ಸೊನ್ನೆ ಬರ್ಬೇಕಿತ್ತು. ಇಲ್ಲಿ ಮೊರ ಎಂಬತ್ತೊಂದು ಅಂತಿದೆ. ಏನು ಜೋಡಿಸಿದ್ರಿ ಅದಕ್ಕೆ?"

ಏನು ಜೋಡಿಸಿದೆ ಎಂದು ಹೇಳಿದರೆ ಏನೇನಾಗಬಹುದು ಎಂದು ಪೂರ್ತಿ ಗೊತ್ತಿರಲಿಲ್ಲ. ಹೇಳಬಾರದು ಎಂದು ಮಾತ್ರ ಗೊತ್ತಿತ್ತು.

"ನನ್ನ ಕೈಯೇ," ಅಂದಳು. "ಕೈಪಟ್ಟಿ ಸರಿ ಇದೆಯಾ ಅಂತ ನೋಡೋಕೆ."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳಿಸಿತು. "ನಿಮ್ಮ ಹೆಸರಿನ ಮುಂದೆ ಎರಡು ಸೊನ್ನೆ ಕಾಣ್ತಿದೆ ಮೇಡಂ." ಸುಹಾಸನ ದನಿ ತಗ್ಗಿತು. "ಇದನ್ನೇ ಮೂರನೇದು ಅಂತ ಹಾಕ್ಬಿಡ್ಲಾ? ಕೈ ನಿಮ್ದೇ ತಾನೆ. ಶಿಬಿರ ತಪ್ಪುತ್ತೆ."

ಅವಳ ಬಾಯಲ್ಲಿ 'ಹಾಕಿ' ಅನ್ನುವ ಮಾತು ಬಂದೇ ಬಿಟ್ಟಿತ್ತು. ಒಂದು ಮಾತು, ಭಯವೆಲ್ಲ ಮುಗಿಯುತ್ತಿತ್ತು. ಮೇಜಿನ ಮೇಲೆ ಸೌತೆಕಾಯಿ ಕೈಪಟ್ಟಿ ಕಟ್ಟಿಕೊಂಡು ತಣ್ಣಗೆ ಮಲಗಿತ್ತು. ಇಷ್ಟು ವರ್ಷ ಎರಡು ಪಕ್ಷದ ನಡುವೆ ನಿಂತು ತೂಗಿ, ಓದಿ, ಗಂಡನ ಜೊತೆ ವಾದ ಮಾಡಿದ್ದೆಲ್ಲ ಈ ಕಾಯಿಯ ಮತವನ್ನು ತನ್ನದೆಂದು ಒಪ್ಪಿಕೊಳ್ಳುವುದಕ್ಕಾ? ಅದೂ ಅಲ್ಲದೆ ರಿಪೇರಿ ಮೇಜಿನ ಮೇಲಿನ ಅಳತೆಯನ್ನು ನಾಳೆ ಯಾರಾದರೂ ಕೆದಕಿದರೆ?

"ಬೇಡಪ್ಪ, ಅಳಿಸಿಬಿಡು," ಅಂದಳು. "ಶನಿವಾರ ಸರಿಯಾಗಿ ಮಲಗಿ ಅಳೆಸ್ಕೋತೀನಿ."

"ನಿಮ್ಮಿಷ್ಟ. ಕೀ ನೋಡ್ಕೊಳ್ಳಿ ಮೇಡಂ."

ಫೋನಿಟ್ಟ ಮೇಲೆ ಅವಳು ಕೀ ತಿರುಗಿಸಿದಳು. ಪೆಟ್ಟಿಗೆಯ ಹಿಂದಿನ ಸಣ್ಣ ಕಿಟಕಿಯಲ್ಲಿ ಅಂಕಗಳು ಮೂಡಿದವು. ಇವು ಕಚ್ಚಾ ಅಂಕಗಳು, ಅಂದರೆ ಅಂಗೈಯಿಂದ ಬಂದದ್ದು ಬಂದ ಹಾಗೆ. ಓದದೆ ಅಳಿಸಬೇಕೆಂಬ ನಿಯಮವನ್ನು ಅವಳು ಮೊದಲ ಸಲ ಮುರಿದಳು. ಮೇಲಿನ ಸಾಲಿನಲ್ಲಿ ಈಗಿನ ಸೌತೆಕಾಯಿ, ಸೊನ್ನೆ. ಅದರ ಕೆಳಗೆ ಬುಧವಾರದ ಲಾಸ್ಯ, ಸೊನ್ನೆ. ಅದರ ಕೆಳಗೆ ಸೋಮವಾರದ ಲಾಸ್ಯ, ಸೊನ್ನೆ. ಆದರೂ ಸಾಲುಗಳ ಪಕ್ಕದಲ್ಲಿ ಬರೆದಂತೆ ಮೂರಕ್ಕೂ ಹೊರಬಂದಿದ್ದ ಚೀಟಿ ಒಂದೇ. ಮೊರ, ಎಂಬತ್ತೊಂದು.

ಪ್ರತಿ ಪೆಟ್ಟಿಗೆಗೂ ಅಕ್ಕಪಕ್ಕದ ನಾಲ್ಕು ಮನೆಗಳ ಪೆಟ್ಟಿಗೆಯಿಂದ ಒಂದೊಂದು ತಂತಿ ಬರುತ್ತದೆ. ಎಡಗಡೆಯ ಎರಡು ಮನೆ, ಬಲಗಡೆಯ ಎರಡು ಮನೆ. ಯಾರಾದರೂ ಪೆಟ್ಟಿಗೆ ಕಳಚಿದರೆ ಪಕ್ಕದವಕ್ಕೆ ಗೊತ್ತಾಗಲಿ ಎಂದು ಆ ತಂತಿಗಳು ಇವೆ ಎಂದೇ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ನಾಲ್ಕು ಮನೆಗಳ ಕೊನೆಯ ಒಲವು ಪೆಟ್ಟಿಗೆಯ ನೆನಪಿನಲ್ಲಿ ಉಳಿದಿರುತ್ತದೆ. ಗಾಣಿಗರ ಬೀದಿ ಪೂರ್ತಿ ಮೊರದವರದು.

ಸಿಂಚನಾ ಬಾಗಿಲ ಕಡೆ ಒಮ್ಮೆ ನೋಡಿ, ಮೇಜಿನಿಂದ ಮೇಲಿನ ಕೊಠಡಿಗೆ ಹೋಗುವ ಕೇಬಲ್ ಕಿತ್ತಳು. ಇನ್ನು ಏನು ಅಳೆದರೂ ಮೇಲೆ ಹೋಗುವುದಿಲ್ಲ. ಒನಕೆಯವರೇ ತುಂಬಿದ್ದ ಕೋರ್ಟ್ ರಸ್ತೆಯ ಪೆಟ್ಟಿಗೆಯೊಂದನ್ನು ತೆಗೆದು, ಕೀಯನ್ನು ಬೇಕೆಂದೇ 'ನಿಜ'ಕ್ಕೆ ಬಿಟ್ಟು, ಅದೇ ಸೌತೆಕಾಯಿಯನ್ನು ಜೋಡಿಸಿದಳು. ಐದು ನಿಮಿಷದ ಹಿಂದೆ ಮೊರಕ್ಕೆ ಒಲಿದಿದ್ದ ಕಾಯಿ ಯಾವ ನಾಚಿಕೆಯೂ ಇಲ್ಲದೆ ಒನಕೆಗೆ ಒಲಿಯಿತು. ಎಪ್ಪತ್ತೇಳು.

ಮೂರನೆಯದು ಎರಡು ಬಡಾವಣೆ ಸೇರುವ ಕಡೆಯ ಪೆಟ್ಟಿಗೆ. ಒಂದು ಪಕ್ಕದಲ್ಲಿ ಎರಡು ಮೊರದ ಮನೆ, ಇನ್ನೊಂದು ಪಕ್ಕದಲ್ಲಿ ಎರಡು ಒನಕೆಯ ಮನೆ. ಗುಂಡಿ ಒತ್ತಿ ಕಾದಳು.

ಟಕ್.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಟಕ್.

ಅವಳು ಕುರ್ಚಿಯ ಮೇಲೆ ಕೂತುಬಿಟ್ಟಳು. ಎರಡು ರಾತ್ರಿ ಮಂಚದ ಮೇಲೆ ಕೇಳಿಸಿಕೊಂಡದ್ದು ಇದೇ ಸದ್ದು. ತನ್ನ ಮನೆಯ ಎಡಗಡೆ ಎರಡು ಮನೆ ಮೊರ, ಬಲಗಡೆ ಒಂದು ಮನೆ ಒನಕೆ. ಬಲಗಡೆಯ ಎರಡನೇ ಮನೆಯಲ್ಲಿ ಹೋದ ಸಲ ಮೊರದವರಿದ್ದರು, ಈಗ ಬಂದ ಹೊಸಬರು ಒನಕೆ. ಐದು ವರ್ಷದಲ್ಲಿ ಅವಳೊಳಗೆ ಏನೂ ಬದಲಾಗಿರಲಿಲ್ಲ. ಪಕ್ಕದ ಮನೆಯ ಬಾಡಿಗೆದಾರರು ಬದಲಾಗಿದ್ದರು, ಅಷ್ಟೇ.

ಗ್ರೇಸ್ ಮೇಡಂ ಬರುವಷ್ಟರಲ್ಲಿ ಅವಳು ಕಪಾಟಿನ ನಲವತ್ತು ಪೆಟ್ಟಿಗೆಗಳ ಹಿಂದಿನ ಕಿಟಕಿ ನೋಡಿ ಮುಗಿಸಿದ್ದಳು. ಹೆಸರುಗಳನ್ನು ಬೇಕೆಂದೇ ಓದಲಿಲ್ಲ, ಅಂಕಗಳನ್ನಷ್ಟೇ ನೋಡಿದಳು. ಮೂವತ್ತೊಂದರಲ್ಲಿ ಸೊನ್ನೆಯೋ ಸೊನ್ನೆಯ ಅಕ್ಕಪಕ್ಕವೋ ಇತ್ತು. ಮೊದಲು ಪೆಟ್ಟಿಗೆ ಮಾಡಿದವರಿಗೂ ಇದು ಗೊತ್ತಾಗಿರಬೇಕು. ಮುಕ್ಕಾಲು ಪಾಲು ಜನರ ನಾಡಿ ಯಾವ ಹಾಡಿಗೂ ಏರುತ್ತಿಲ್ಲ ಎಂದು ಸರ್ಕಾರಕ್ಕೆ ಹೇಳುವುದು ಹೇಗೆ? ಮನುಷ್ಯ ಸುಮ್ಮನಿದ್ದರೆ ಪಕ್ಕದ ಮನೆಗಳನ್ನು ಕೇಳು ಎಂದು ಪೆಟ್ಟಿಗೆಗೆ ಕಲಿಸಿ ಕೈ ತೊಳೆದುಕೊಂಡಿದ್ದರು.

"ಏನೇ, ಮುಖ ಹೀಗಿದೆ?" ಗ್ರೇಸ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಅತ್ತಿದೀಯಾ ನಕ್ಕಿದೀಯಾ ಗೊತ್ತಾಗ್ತಿಲ್ಲ."

"ನಿದ್ದೆ ಇಲ್ಲ ಮೇಡಂ."

"ಶನಿವಾರ ಬರುತ್ತೆ ಬಿಡು ಒಲವು. ಅದನ್ನೇ ಯೋಚಿಸ್ತಾ ಕೂರ್ಬೇಡ." ಅವರು ಮೇಜಿನ ಮೇಲಿದ್ದ ಸೌತೆಕಾಯಿ ತೆಗೆದುಕೊಂಡು, ಚಾಕುವಿನಿಂದ ಉದ್ದುದ್ದ ಸೀಳಿ, ಉಪ್ಪು ಖಾರ ಸವರಿ ಅವಳ ಕೈಗೊಂದು ಹೋಳು ಕೊಟ್ಟರು. ದಿನಾ ಅವರು ಮಾಡುತ್ತಿದ್ದ ಕೆಲಸವೇ. ಅವತ್ತು ಸಿಂಚನಾ ಅದನ್ನು ಬಹಳ ನಿಧಾನವಾಗಿ ಅಗಿದಳು.

ಸಂಜೆ ರಿಪೇರಿಯಾದ ಪೆಟ್ಟಿಗೆ ಎತ್ತಿಕೊಂಡು ಅವಳೇ ಗಾಣಿಗರ ಬೀದಿಗೆ ಹೋದಳು. ಲಾಸ್ಯ ಬಾಗಿಲು ತೆಗೆದವಳು ಮೊರದ ಹಾಡು ಗುನುಗುತ್ತಿದ್ದಳು. ಸಿಂಚನಾಳ ಕೈಯಲ್ಲಿ ಪೆಟ್ಟಿಗೆ ಕಂಡೊಡನೆ ಹಾಡು ಇನ್ನೂ ಸ್ವಲ್ಪ ಜೋರಾಯಿತು.

"ನೀನೇ ತರ್ಬೇಕಿತ್ತಾ? ಯಾರನ್ನಾದ್ರೂ ಕಳಿಸಿದ್ರೆ ಆಗ್ತಿತ್ತು."

"ನಿನ್ನ ನೋಡಿ ಎಷ್ಟು ದಿನ ಆಯ್ತು. ಕಾಫಿ ಕೊಡು."

ಲಾಸ್ಯ ಕಾಫಿ ಮಾಡುವಾಗ ಅವಳು ಪೆಟ್ಟಿಗೆಯನ್ನು ಗೋಡೆಗೆ ಬಿಗಿದಳು. ಅಡುಗೆಮನೆಯಿಂದ ಲಾಸ್ಯ ಎರಡು ಸಲ ಇಣುಕಿದ್ದು ಕಂಡಿತು. ಸಿಂಚನಾಗೆ ಆ ನೋಟದ ಪರಿಚಯವಿತ್ತು. ಸ್ವಂತ ಕನ್ನಡಿಯಲ್ಲಿ ಸೋಮವಾರದಿಂದ ನೋಡುತ್ತಿದ್ದ ನೋಟ ಅದು.

"ಶಿಬಿರದಲ್ಲಿ ಏನ್ ಮಾಡಿದ್ರೇ ನಿಂಗೆ?" ಲೋಟ ಕೈಗೆ ಬಂದ ಮೇಲೆ ಕೇಳಿದಳು. "ನಂಗೆ ಎರಡು ಸೊನ್ನೆ ಬಂದಿದೆ. ಅದಕ್ಕೇ ಕೇಳ್ತಿದೀನಿ."

ಲಾಸ್ಯ ಕೂತಳು. "ಏನೂ ಮಾಡ್ಲಿಲ್ಲ ಕಣೇ. ಊಟ ಹಾಕಿದ್ರು. ಹಾಡು ಹೇಳಿಸಿದ್ರು. ರಾತ್ರಿ ಪೆಟ್ಟಿಗೆ ಕಟ್ಟಿ ಮಲಗಿಸಿದ್ರು."

"ಅಕ್ಕಪಕ್ಕದ ಕೋಣೇಲಿ ಯಾರಿದ್ರು?"

"ಅಲ್ಲಿನ ಸಿಬ್ಬಂದಿ. ಎಲ್ಲ ಮೊರದವ್ರು. ಮೊದಲನೇ ರಾತ್ರಿನೇ ನನ್ನ ಮುಳ್ಳು ನಿಂತುಬಿಡ್ತು. ಆದ್ರೂ ನಿಯಮ ಅಂತ ಆರು ತಿಂಗಳು ಇಟ್ಕೊಂಡ್ರು." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ನಂಗೆ ಗುಣ ಆಗಿದೆ ಸಿಂಚೂ. ಪೂರ್ತಿ ಗುಣ ಆಗಿದೆ." ಅಷ್ಟು ಹೇಳಿ ಪೆಟ್ಟಿಗೆಯ ಕಡೆ ನೋಡಿದಳು. "ಮುಳ್ಳು ಸಡಿಲ ಆಗಿತ್ತಲ್ಲ. ಒಳಗೆ... ಏನಾದ್ರೂ ಕಾಣಿಸ್ತಾ?"

ಲಾಸ್ಯಳ ತಲೆಯೊಳಗೆ ಯಾರೂ ಕೈ ಹಾಕಿರಲಿಲ್ಲ. ಅವಳು ಶಿಬಿರದಿಂದ ಬಂದಾಗಿನಿಂದ ಒಬ್ಬಳೇ, ಸಿಕ್ಕಿಬೀಳುವ ಭಯದಲ್ಲಿ, ಬಟ್ಟೆ ಒಣಗಿಸುವಾಗಲೂ ಹಾಡು ಹೇಳಿಕೊಂಡು ಬದುಕಿದ್ದಳು. ಅದನ್ನು ತಿಳಿದದ್ದೇ ಸಿಂಚನಾಳ ಎದೆಯ ಮೇಲಿದ್ದ ಕಲ್ಲೊಂದು ಸರಿದಂತಾಯಿತು. ತಕ್ಷಣವೇ ಗೆಳತಿಯ ಬಗ್ಗೆ ಮರುಕವಾಯಿತು.

"ಏನೂ ಕಾಣಿಸ್ಲಿಲ್ಲ," ಅಂದಳು. "ಬಹಳ ಗಟ್ಟಿ ಪೆಟ್ಟಿಗೆ ನಿಂದು. ಮುಳ್ಳು ಎಡಕ್ಕೆ ಕಲ್ಲಿನ ಥರ ನಿಲ್ಲುತ್ತೆ. ಈ ಬೀದಿಯಲ್ಲಿ ಇರೋ ತನಕ ಅದು ಅಲುಗಾಡಲ್ಲ. ನನ್ನ ಮಾತು ನಂಬು."

ಲಾಸ್ಯಳ ಬೆರಳಿನಿಂದ ಸೆರಗು ತಾನಾಗಿಯೇ ಬಿಚ್ಚಿಕೊಂಡಿತು. "ಬೇಕಾದ್ರೆ ಶನಿವಾರ ನಮ್ಮನೇಲೇ ಬಂದು ಮಲಗೇ," ಅಂದಳು. "ಜೊತೆಗಾಗುತ್ತೆ."

"ನೋಡ್ತೀನಿ," ಅಂದಳು ಸಿಂಚನಾ. ಹೊರಡುವಾಗ ಲಾಸ್ಯ ಮೊರದ ಹಾಡು ಹೇಳಲಿಲ್ಲ.

ದಾರಿಯಲ್ಲಿ ಅವಳ ಕಾಲು ತಾನಾಗಿಯೇ ನಿಧಾನವಾಯಿತು. ಬಾಣಂತಿಯರು, ಪ್ರಯಾಣದಲ್ಲಿದ್ದವರು, ನೆಂಟರ ಮನೆಗೆ ಹೋದವರು ಯಾವ ಮನೆಯ ಪೆಟ್ಟಿಗೆಗಾದರೂ ಕೈಪಟ್ಟಿ ಜೋಡಿಸಿಕೊಂಡು ಮಲಗಬಹುದು ಎಂದು ನಿಯಮದಲ್ಲಿದೆ, ಹೆಸರು ಕೈಪಟ್ಟಿಯಲ್ಲಿರುತ್ತದೆ. ಲಾಸ್ಯಳ ಮನೆಯಲ್ಲಿ ಮಲಗಿದರೆ ಮೊರ. ತಂಗಿ ಇಂಚರಳ ಮನೆ ಕೋರ್ಟ್ ರಸ್ತೆಯಲ್ಲಿ. ಅಲ್ಲಿ ಮಲಗಿದರೆ ಒನಕೆ. ಇಡೀ ರಾಜ್ಯದಲ್ಲಿ ಈಗ ಬೇಕಾದ ಕಡೆಗೆ ಮತ ಹಾಕಬಲ್ಲ ವ್ಯಕ್ತಿ ತಾನೊಬ್ಬಳೇ ಇರಬಹುದು ಅನ್ನಿಸಿ ಅವಳಿಗೆ ನಗು ಬಂತು. ಗುಂಡಿಯ ಬದಲು ಹಾಸಿಗೆ.

ಎರಡು ದಿನ ಅವಳು ನೆಮ್ಮದಿಯಾಗಿ ಯೋಚಿಸಿದಳು. ಹೆದರಿಕೆಯಿಲ್ಲದೆ ಯೋಚಿಸುವುದು ಎಷ್ಟು ಹಗುರ ಎಂದು ಅವಳಿಗೆ ಮರೆತೇಹೋಗಿತ್ತು. ಕೆರೆಯಲ್ಲಿ ಹೂಳಿದೆ, ಆದರೆ ಈ ವರ್ಷದ ನೀರಿಗೆ ತೊಂದರೆಯಿಲ್ಲ. ಹೂಳು ಇನ್ನೈದು ವರ್ಷ ಕಾಯಬಹುದು. ಮುಚ್ಚಿದ ಶಾಲೆಯನ್ನು ಮತ್ತೆ ತೆರೆಯುವುದನ್ನು ಅವಳು ಕಂಡಿರಲಿಲ್ಲ. ಈ ಸಲ ಶಾಲೆ. ಮುಂದಿನ ಸಲ ಕೆರೆ, ಆಗ ಲಾಸ್ಯಳ ಮನೆಯಲ್ಲಿ ಮಲಗಿದರಾಯಿತು. ಎರಡೂ ಒಟ್ಟಿಗೆ ಸಿಗುವ ದಾರಿ ಇರಲಿಲ್ಲ. ಆ ಸಿಟ್ಟು ಹಾಗೇ ಉಳಿಯಿತು. ಆದರೆ ಸಿಟ್ಟು ಅವಳದೇ ಆಗಿತ್ತು, ಅದನ್ನು ಯಾರೂ ಗುಣಪಡಿಸುವಂತಿರಲಿಲ್ಲ.

ಶನಿವಾರ ಮಧ್ಯಾಹ್ನ ಕೇಂದ್ರದ ಫೋನಿಗೆ ಒಬ್ಬ ಗಂಡಸಿನ ಕರೆ ಬಂತು. ದನಿ ಒಣಗಿತ್ತು.

"ಮೇಡಂ, ನಮ್ಮನೆ ಮುಳ್ಳು ರಾತ್ರಿಯೆಲ್ಲ ಟಕ ಟಕ ಅಂತಿದೆ. ಎರಡು ಸಲ ಸೊನ್ನೆ ಬಂತು. ಪೆಟ್ಟಿಗೆ ಕೆಟ್ಟಿದೆಯಾ, ನಾನೇ ಕೆಟ್ಟಿದೀನಾ?"

"ನಿಮ್ಮ ಮನೆ ಎಲ್ಲಿ ಬರುತ್ತೆ?"

ಅವನು ಹೇಳಿದ. ಎರಡು ಬಡಾವಣೆ ಸೇರುವ ಜಾಗ.

"ನಿಮಗೇನೂ ಆಗಿಲ್ಲ. ಗೋಡೆ ತೇವ ಇದ್ರೆ ಹೀಗಾಗುತ್ತೆ," ಅಂದಳು ಸಿಂಚನಾ. "ಇವತ್ತು ರಾತ್ರಿ ಕೈಪಟ್ಟಿ ತಗೊಂಡು ನೆಂಟರ ಮನೆಗೆ ಹೋಗಿ ಮಲಗಿ."

"ಯಾರ ಮನೆಗೆ ಮೇಡಂ? ಅಣ್ಣನ ಮನೆ ಇದೆ, ಮಾವನ ಮನೆ ಇದೆ. ಒಬ್ರು ಮೊರ, ಒಬ್ರು ಒನಕೆ. ಯಾರ ಮನೆಗೆ ಹೋದ್ರೂ ಇನ್ನೊಬ್ರಿಗೆ ಬೇಜಾರು."

"ಅದನ್ನ ನಾನು ಹೇಳೋ ಹಾಗಿಲ್ಲ. ಸಂಜೆ ತನಕ ಟೈಮಿದೆ. ಚೆನ್ನಾಗಿ ಯೋಚನೆ ಮಾಡಿ ನೀವೇ ಆರಿಸ್ಕೊಳ್ಳಿ."

ಪಕ್ಕದಲ್ಲಿ ಗ್ರೇಸ್ ಮೇಡಂ ತಲೆಯಾಡಿಸಿದರು. "ಗೋಡೆ ತೇವ. ಒಳ್ಳೆ ಸಲಹೆ. ಇನ್ನು ಮೇಲೆ ಅಂಥ ಫೋನೆಲ್ಲ ನೀನೇ ತಗೋ."

ರಾತ್ರಿ ಇಂಚರಳ ಮನೆಯ ನಡುಮನೆಯಲ್ಲಿ ಹಾಸಿಗೆ ಹಾಸಿತ್ತು. ತಂಗಿ ಹನ್ನೊಂದು ಗಂಟೆಯವರೆಗೂ ಅತ್ತೆಯ ಬಗ್ಗೆ ದೂರು ಹೇಳಿ ಎದ್ದು ಹೋದಳು. ಸಿಂಚನಾ ಕೈಪಟ್ಟಿ ಕಟ್ಟಿಕೊಂಡು ಕಿವಿಗೊಟ್ಟು ಮಲಗಿದಳು. ಟಕ್ ಎಂದು ಒಂದೇ ಒಂದು ಸಲ ಕೇಳಿಸಿತು, ಬಲಗಡೆಯ ಗೂಟದಿಂದ. ಆಮೇಲೆ ಏನೂ ಇಲ್ಲ. ಸೋಮವಾರದಿಂದ ಬಾಕಿ ಇದ್ದ ನಿದ್ದೆಯೆಲ್ಲ ಒಟ್ಟಿಗೆ ಬಂತು.

ಭಾನುವಾರ ಬೆಳಿಗ್ಗೆ ಚಿರಂತ್ ಅವಳ ಚೀಟಿಯನ್ನು ಎರಡು ಕೈಯಲ್ಲೂ ಹಿಡಿದು ಓದಿದ. ಒನಕೆ, ಎಪ್ಪತ್ತೊಂಬತ್ತು. ಅವನ ಕಣ್ಣು ತುಂಬಿತ್ತು. ಅದನ್ನು ಮರೆಮಾಚುವುದಕ್ಕೆ ಜೋರಾಗಿ ನಕ್ಕ.

"ಕೊನೆಗೂ ದಾರಿಗೆ ಬಂದೆಯಲ್ಲೇ. ಇಷ್ಟು ವರ್ಷ ನಾನು ವಾದ ಮಾಡಿದ್ದು ವ್ಯರ್ಥ ಆಗ್ಲಿಲ್ಲ ನೋಡು." ಚೀಟಿಯನ್ನು ತನ್ನದರ ಪಕ್ಕದಲ್ಲಿ ಫ್ರಿಜ್ಜಿಗೆ ಅಂಟಿಸಿದ. "ನಿಜ ಹೇಳು, ಯಾವ ಮಾತಿಗೆ ಮನಸ್ಸು ಬದಲಾಯ್ತು?"

ಅವಳು ಅವನನ್ನು ನೋಡಿದಳು. ಗುರುವಾರ ರಾತ್ರಿ ಅವಳು ಮನೆಯ ಪೆಟ್ಟಿಗೆಯ ಹಿಂದಿನ ಕಿಟಕಿಯನ್ನೂ ನೋಡಿದ್ದಳು. ಅವನ ಕಚ್ಚಾ ಅಂಕ ನಿಜವಾಗಿಯೂ ಎಂಬತ್ತಾರು. ಇವನು ಮಾತ್ರ ಯಾರ ಮನೆಯನ್ನೂ ಕೇಳದೆ, ನಿದ್ದೆಯಲ್ಲೂ ಒನಕೆಯನ್ನು ಪ್ರೀತಿಸುತ್ತಿದ್ದ. ಆಗ ಅವಳಿಗೆ ಅವನ ಮೇಲೆ ಹೇಳಿಕೊಳ್ಳಲಾಗದಷ್ಟು ಅಕ್ಕರೆ ಬಂದಿತ್ತು.

ಹೇಳಿಬಿಡಬಹುದಿತ್ತು. ಇವನಿಗೆ, ಗ್ರೇಸ್ ಮೇಡಂಗೆ, ಪೇಪರಿನವರಿಗೆ. ಪೆಟ್ಟಿಗೆ ಕೇಳುವುದು ಪಕ್ಕದ ಮನೆಯನ್ನು, ನಮ್ಮನ್ನಲ್ಲ ಎಂದು. ಹೇಳಿದರೆ ಗದ್ದಲವಾಗುತ್ತದೆ, ಸಮಿತಿ ಕೂರುತ್ತದೆ. ಆಮೇಲೆ ಪೆಟ್ಟಿಗೆಯನ್ನು ಸರಿಪಡಿಸುತ್ತಾರೆ. ಈ ಸಲ ನಿಜವಾಗಿಯೂ ಒಳಗಿನದನ್ನೇ ಓದುವ ಪೆಟ್ಟಿಗೆ ಮಾಡುತ್ತಾರೆ. ಮೂವತ್ತೊಂದು ಸೊನ್ನೆಗಳಿಗೆ ನಿಜವಾದ ಶಿಬಿರ ಕಟ್ಟುತ್ತಾರೆ. ಈಗಿನ ಪೆಟ್ಟಿಗೆಗೆ ಗೋಡೆಯಾಚೆ ಯಾರಿದ್ದಾರೆ ಎಂದಷ್ಟೇ ಗೊತ್ತು. ಅಂಗೈಯೊಳಗೆ ಏನಿದೆ ಎಂದು ಅದಕ್ಕೆ ಇವತ್ತಿಗೂ ಗೊತ್ತಿಲ್ಲ.

"ಏನೇ ಯೋಚಿಸ್ತಿದೀಯಾ?"

"ಮಾತಿಂದೇನೂ ಅಲ್ಲ ರೀ. ನಮ್ಮನೆ ಗೋಡೆ ತೇವ ಇತ್ತು," ಅಂದಳು ಸಿಂಚನಾ. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಅವನಿಗೆ ಎರಡನೇ ಲೋಟ ಕಾಫಿ ಬಗ್ಗಿಸಿಕೊಟ್ಟಳು.